ಹಾಲು ಕೊಡ್ಬೇಕು ಅಂದ್ಕೊಂಡಿದ್ದೆ, ಆಗ್ಲಿಲ್ಲ: ಬಾಣಂತಿ ಮನಸ್ಸು ಮತ್ತು ಎದೆಹಾಲಿನ ಲೆಕ್ಕ

ನಮ್ಮ ಚಿಕ್ಕಮ್ಮನ ಮಗಳು ಏಳನೇ ತಿಂಗಳಲ್ಲೇ ಜಿಪ್ ಇರೋ ಫೀಡಿಂಗ್ ಕುರ್ತಾ ಎರಡು, ಅರ್ಧಚಂದ್ರನ ಆಕಾರದ ಒಂದು ದಿಂಬು ತರಿಸಿ ಇಟ್ಕೊಂಡಿದ್ಲು. ಮಗುಗೆ ಅಂತ ಒಂದು ಟೋಪಿನೂ ತಂದಿರ್ಲಿಲ್ಲ, ಹುಟ್ಟೋಕೆ ಮುಂಚೆ ಮಗುಗೆ ಏನೂ ತರಬಾರ್ದು ಅನ್ನೋದು ನಮ್ಮನೆ ಶಾಸ್ತ್ರ, ಆದ್ರೆ ಇವು ತನಗೆ ಅಲ್ವಾ ಅಂತ ವಾದ ಮಾಡಿ ತರಿಸಿದ್ಲು. ಆರು ತಿಂಗಳು ಬರೀ ಎದೆಹಾಲು, ಅದು ಅವಳ ಲೆಕ್ಕ. ಹೆರಿಗೆ ಸಿಸೇರಿಯನ್ ಆಯ್ತು, ಮೂರನೇ ದಿನ ರಾತ್ರಿ ಮಗು ಕಿರುಚಿ ಕಿರುಚಿ ನೀಲಿಯಾಗೋ ಹಾಗೆ ಅತ್ತಾಗ ವಾರ್ಡಲ್ಲಿ ಯಾರೋ ಪೌಡರ್ ಹಾಲು ಕಲಸಿ ಒಳಲೆಯಲ್ಲಿ ಕುಡಿಸಿದ್ರು, ಮಗು ಸುಮ್ನೆ ಮಲಗ್ತು, ಎಲ್ಲರೂ ಮಲಗಿದ್ರು, ಅವಳೊಬ್ಬಳು ಬಿಟ್ಟು.

ಐದು ವಾರ ಆದ್ಮೇಲೆ ನಾನು ನೋಡೋಕೆ ಹೋದಾಗ ಫೋನಲ್ಲಿ ಒಂದು ಆಪ್ ತೋರಿಸಿದ್ಲು. ಎಡ 12 ನಿಮಿಷ, ಬಲ 9 ನಿಮಿಷ. ರಾತ್ರಿ 2.40. ಮತ್ತೆ 3.25. ಡಬ್ಬಿ ಹಾಲು 60 ಎಂಎಲ್. ಅದರ ಮುಂದೆ ಒಂದು ಕೆಂಪು ಚುಕ್ಕೆ. ಡಬ್ಬಿ ಹಾಲು ಕೊಟ್ಟ ಪ್ರತಿ ಸಲಕ್ಕೂ ಅವಳೇ ಆ ಕೆಂಪು ಚುಕ್ಕೆ ಇಡ್ತಿದ್ಲಂತೆ. ಸ್ಕ್ರೀನ್ ಕೆಳಗೆ ಜಾರಿಸಿದಷ್ಟೂ ಕೆಂಪು. "ನೋಡಕ್ಕಾ, ನಂಗೆ ಇಷ್ಟೂ ಬರಲಿಲ್ಲ" ಅಂದ್ಲು, ಅಳಲಿಲ್ಲ, ಸುಮ್ನೆ ಅಂದ್ಲು, ಅದೇ ನಂಗೆ ಭಯ ಆಗಿದ್ದು.

ಅವತ್ತಿಂದ ಈ ವಿಷಯ ಓದ್ತಾ ಇದೀನಿ. ಎದೆಹಾಲು ಕೊಟ್ರೆ ತಾಯಿಗೆ ಡಿಪ್ರೆಶನ್ ಬರಲ್ಲ ಅಂತ ಒಂದು ಕಡೆ ಹೇಳ್ತಾರೆ, ಹಾಲು ಕೊಡೋ ಕಷ್ಟದಿಂದಲೇ ಡಿಪ್ರೆಶನ್ ಬರತ್ತೆ ಅಂತ ಇನ್ನೊಂದು ಕಡೆ. ಎರಡಕ್ಕೂ ಸ್ಟಡಿಗಳಿವೆ. ಹೆಂಗೆ ಎರಡೂ ನಿಜ ಆಗತ್ತೆ? ಇದಕ್ಕೆ ನಂಗೆ ಸಿಕ್ಕ ಒಳ್ಳೆ ಉತ್ತರ ಇಂಗ್ಲೆಂಡಿಂದ ಬಂದ ಒಂದು ಅಧ್ಯಯನದಲ್ಲಿದೆ.

ಇಂಗ್ಲೆಂಡಿನ ಬ್ರಿಸ್ಟಲ್ ಊರು, ಅದರ ಸುತ್ತಮುತ್ತ ಏವನ್ ಅನ್ನೋ ಪ್ರದೇಶ. 1991 ಏಪ್ರಿಲ್‌ನಿಂದ 1992 ಡಿಸೆಂಬರ್ ಒಳಗೆ ಹೆರಿಗೆ ದಿನ ಇದ್ದ ಗರ್ಭಿಣಿಯರನ್ನ ಸೇರಿಸ್ಕೊಂಡು ಒಂದು ದೊಡ್ಡ ಅಧ್ಯಯನ ಶುರು ಮಾಡಿದ್ರು, ಸುಮಾರು 14 ಸಾವಿರ ಜನ, ಆ ಮಕ್ಕಳು ದೊಡ್ಡವರಾಗಿ ಈಗ ಅವರಿಗೇ ಮಕ್ಕಳಾಗಿವೆ, ಇನ್ನೂ ನಡೀತಾ ಇದೆ. ಅದರಲ್ಲಿ ಗರ್ಭಿಣಿ ಇದ್ದಾಗಲೇ ಒಂದು ಪ್ರಶ್ನೆ ಕೇಳಿದ್ರು: ಮಗುಗೆ ಹಾಲು ಹೇಗೆ ಕೊಡಬೇಕು ಅಂತಿದೀರಿ? ಎದೆಹಾಲಾ, ಬಾಟಲಾ? ಈ ಪ್ರಶ್ನೆಗೆ ಬಂದ ಉತ್ತರವನ್ನ ಆಮೇಲೆ ನಿಜವಾಗಿ ನಡೆದದ್ದರ ಪಕ್ಕ ಇಟ್ಟು ನೋಡಿದ್ದು ಮೂರು ಜನ: ಕ್ರಿಸ್ಟಿನಾ ಬೋರಾ, ಮರಿಯಾ ಯಾಕೊವೂ, ಅಲ್ಮುದೇನಾ ಸೆವಿಯಾ. 2014ರಲ್ಲಿ ಅವರ ಲೇಖನ ಹೊರಗೆ ಬಂತು.

ಅವರು ಮಾಡಿದ ಉಪಾಯ ಕೇಳಿದ್ರೆ ತುಂಬಾ ಸರಳ. ಎದೆಹಾಲು ಕೊಟ್ಟವರು, ಕೊಡದವರು ಅಂತ ಎರಡು ಗುಂಪು ಮಾಡೋ ಬದಲು ನಾಲ್ಕು ಮಾಡಿದ್ರು. ಕೊಡಬೇಕು ಅಂದ್ಕೊಂಡು ಕೊಟ್ಟವರು. ಕೊಡಬೇಕು ಅಂದ್ಕೊಂಡು ಆಗದೇ ಹೋದವರು. ಬೇಡ ಅಂದ್ಕೊಂಡು ಕೊಡದೇ ಇದ್ದವರು. ಬೇಡ ಅಂದ್ಕೊಂಡಿದ್ರೂ ಆಮೇಲೆ ಕೊಟ್ಟವರು. ಬಸುರಲ್ಲಿ ಡಿಪ್ರೆಶನ್ ಲಕ್ಷಣ ಇಲ್ಲದೇ ಇದ್ದ ಹೆಂಗಸರಲ್ಲಿ ಎಂಟನೇ ವಾರಕ್ಕೆ ನೋಡಿದಾಗ ಅತಿ ಕಮ್ಮಿ ಅಪಾಯ ಇದ್ದದ್ದು ಮೊದಲನೇ ಗುಂಪಿಗೆ, ಬಾಟಲಿಯೇ ಸಾಕು ಅಂದ್ಕೊಂಡು ಹಾಗೇ ಮಾಡಿದವರಿಗೆ ಹೋಲಿಸಿದ್ರೆ ಇವರಿಗೆ ಡಿಪ್ರೆಶನ್ ಬರೋ ಸಾಧ್ಯತೆ ಸುಮಾರು ಅರ್ಧ. ಅತಿ ಹೆಚ್ಚು ಅಪಾಯ ಯಾರಿಗೆ? ಎರಡನೇ ಗುಂಪಿಗೆ, ಕೊಡಬೇಕು ಅಂತಿದ್ದು ಆಗದವರಿಗೆ. ಅದೇ ಬಾಟಲಿ ಗುಂಪಿಗೆ ಹೋಲಿಸಿದ್ರೆ ಎರಡು ಪಟ್ಟಿಗಿಂತ ಜಾಸ್ತಿ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಎರಡನೇ ಗುಂಪಿನ ತಾಯಂದಿರ ಮಕ್ಕಳೂ ಮೂರನೇ ಗುಂಪಿನ ತಾಯಂದಿರ ಮಕ್ಕಳೂ ಕುಡಿದದ್ದು ಒಂದೇ, ಡಬ್ಬಿ ಹಾಲು. ಹೊರಗಿಂದ ನೋಡೋರಿಗೆ ಇಬ್ಬರೂ ಬಾಟಲಿ ಹಿಡ್ಕೊಂಡ ತಾಯಂದಿರೇ. ಒಬ್ಬಳು ಅಂದ್ಕೊಂಡ ಹಾಗೇ ಮಾಡ್ತಿದಾಳೆ, ಇನ್ನೊಬ್ಬಳು ಸೋತೆ ಅಂತ ಕೂತಿದಾಳೆ. ಹಳೇ ಸ್ಟಡಿಗಳು ಇವರಿಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೀತಿದ್ವು, ಅದಕ್ಕೇ ಒಂದು ಕಡೆ ಒಂದು ಉತ್ತರ, ಇನ್ನೊಂದು ಕಡೆ ಇನ್ನೊಂದು.

ಹಂಗಂತ ಈ ಒಂದು ಅಧ್ಯಯನ ಹಿಡ್ಕೊಂಡು ಕುಣಿಯೋ ಹಾಗೂ ಇಲ್ಲ. ಇದರಲ್ಲಿ ಚೀಟಿ ಎತ್ತಿ ಇವಳು ಕೊಡಬೇಕು ಇವಳು ಕೊಡಬಾರ್ದು ಅಂತ ಹಂಚಿಲ್ಲ, ಹಾಗೆ ಹಂಚೋಕೂ ಆಗಲ್ಲ, ನಡೆದದ್ದನ್ನ ಗಮನಿಸಿ ಲೆಕ್ಕ ಹಾಕಿರೋದು. ಮನಸ್ಸು ಮೊದಲೇ ಕುಗ್ಗಿದ್ದಕ್ಕೆ ಹಾಲು ಕೊಡೋಕೆ ಆಗದೇ ಹೋಗಿರಬಹುದು, ಅಂದ್ರೆ ಬಾಲ ಯಾವುದು ತಲೆ ಯಾವುದು ಅಂತ ಪೂರ್ತಿ ಬಿಡಿಸೋಕೆ ಆಗಲ್ಲ, ಅದಕ್ಕೇ ಅವರು ಬಸುರಲ್ಲಿ ಮನಸ್ಸು ಹೇಗಿತ್ತು ಅನ್ನೋದನ್ನೂ ಲೆಕ್ಕಕ್ಕೆ ತಗೊಂಡಿರೋದು. ಬಸುರಲ್ಲೇ ಡಿಪ್ರೆಶನ್ ಇದ್ದವರಿಗೆ ಈ ಚಿತ್ರ ಹೀಗೇ ಕೂರಲ್ಲ, ಅವರ ಕಥೆ ಬೇರೆ. ಮತ್ತೆ ವ್ಯತ್ಯಾಸ ಜೋರಾಗಿ ಕಾಣೋದು ಎಂಟನೇ ವಾರದಲ್ಲಿ, 8 ತಿಂಗಳು, 21 ತಿಂಗಳು, ಇನ್ನೂ ಆಮೇಲೆ ಕೇಳಿದಾಗ ಅದು ಸಣ್ಣದಾಗ್ತಾ ಹೋಗತ್ತೆ. ನನಗೇನೋ ಇದು ಸಮಾಧಾನದ ಸುದ್ದಿ ಅನ್ಸತ್ತೆ, ಆದ್ರೆ ಆ ಎಂಟು ವಾರ ಅನುಭವಿಸ್ತಾ ಇರೋಳಿಗೆ ಮುಂದೆ ಸರಿಹೋಗತ್ತೆ ಅಂದ್ರೆ ಅದು ಕಿವಿಗೇ ಬೀಳಲ್ಲ.

ಅವರು ಮನಸ್ಸನ್ನ ಅಳೆದದ್ದು ಎಡಿನ್‌ಬರೋ ಸ್ಕೇಲ್ ಅನ್ನೋ ಪ್ರಶ್ನಾವಳಿಯಲ್ಲಿ. 1987ರದ್ದು, ಹತ್ತೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 30. ಕೇಳೋದೆಲ್ಲ ಕಳೆದ ಏಳು ದಿನದ ಬಗ್ಗೆ. ನಗು ಬರತ್ತಾ, ಮುಂದಿನದರ ಬಗ್ಗೆ ಖುಷಿ ಇದೆಯಾ, ಕಾರಣ ಇಲ್ದೇ ಗಾಬರಿ ಆಗತ್ತಾ, ಅಳು ಬರತ್ತಾ, ಕೊನೇದು ನಿಮಗೆ ನೀವೇ ತೊಂದರೆ ಮಾಡ್ಕೊಳೋ ಯೋಚನೆ ಬಂದಿದೆಯಾ. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರು ಕೂರಿಸಿ ಸರಿಯಾಗಿ ವಿಚಾರಿಸಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತಲೇ ಅಲ್ಲ. ಕೊನೇ ಪ್ರಶ್ನೆಗೆ ಮಾತ್ರ ಒಟ್ಟು ಅಂಕ ಎಷ್ಟೇ ಬರ್ಲಿ, ಹೌದು ಅಂದ್ರೆ ಅವತ್ತೇ ಗಮನ ಕೊಡಬೇಕು. ಇದು ಕನ್ನಡದಲ್ಲೂ ಇದೆ. ಈ ಹತ್ತರಲ್ಲಿ ಮೂರನೇ ಪ್ರಶ್ನೆ ನನ್ನ ತಲೇಲಿ ಕೂತುಬಿಟ್ಟಿದೆ: ಏನಾದ್ರೂ ತಪ್ಪಾದಾಗ ಅನಾವಶ್ಯಕವಾಗಿ ನಿಮ್ಮನ್ನೇ ನೀವು ಬೈಕೊಂಡಿದೀರಾ? ಆ ಕೆಂಪು ಚುಕ್ಕೆಗಳು ಈ ಪ್ರಶ್ನೆಗೆ ಉತ್ತರ ಅಲ್ದೇ ಇನ್ನೇನು.

ಈಗ ದೇಹದ ಕಡೆ ಬರೋಣ. ಮಾಸು ಬಿದ್ದ ತಕ್ಷಣ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಧಡ್ ಅಂತ ಇಳಿಯತ್ತೆ. ಅದು ಇಳಿದ್ರೇನೇ ಹಾಲು ಜೋರಾಗಿ ಬರೋಕೆ ದಾರಿ, ಸಾಮಾನ್ಯವಾಗಿ ಎರಡನೇ ಮೂರನೇ ದಿನ ಎದೆ ಭಾರ ಆಗಿ ಹಾಲು ಇಳಿಯತ್ತೆ. ಅದಕ್ಕೆ ಮುಂಚೆ ಬರೋದು ಹಳದಿ ಬಣ್ಣದ ಗಿಣ್ಣು ಹಾಲು, ಚಮಚದಷ್ಟು, ಮೊದಲ ದಿನ ಮಗುಗೆ ಅಷ್ಟೇ ಬೇಕಾಗಿರೋದೂ. ಸಿಸೇರಿಯನ್ ಆಗಿದ್ರೆ, ಚೊಚ್ಚಲಾಗಿದ್ರೆ, ರಕ್ತ ಜಾಸ್ತಿ ಹೋಗಿದ್ರೆ, ಶುಗರ್ ಇದ್ರೆ ಇದು ಒಂದೆರಡು ದಿನ ತಡ ಆಗಬಹುದು. ಕರ್ನಾಟಕದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 31.5 ಶೇಕಡಾ ಹೆರಿಗೆ ಸಿಸೇರಿಯನ್, ಅಂದ್ರೆ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು. ಅಷ್ಟು ಜನಕ್ಕೆ ತಡ ಆಗೋ ಸಾಧ್ಯತೆ ಇದೆ ಅಂತ ಮೊದಲೇ ಗೊತ್ತಿದ್ದೂ ಯಾರೂ ಹೇಳಿರಲ್ಲ.

ವಿಚಿತ್ರ ಅಂದ್ರೆ ಅದೇ ಮೂರನೇ ದಿನ, ನಾಲ್ಕನೇ ದಿನಕ್ಕೇ ಬೇಬಿ ಬ್ಲೂಸ್ ಅಂತಾರಲ್ಲ, ಸುಮ್‌ಸುಮ್ನೆ ಅಳು ಬರೋದು, ಅದೂ ಶುರು ಆಗತ್ತೆ. ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗೋ ವಿಷಯ ಇದು, ಎರಡು ವಾರದೊಳಗೆ ತಾನಾಗೇ ಹೋಗತ್ತೆ. ಮಗು ತೂಕ ಕಮ್ಮಿಯಾಗೋದೂ ಆ ದಿನಗಳಲ್ಲೇ, ಹುಟ್ಟಿದ ತೂಕದ 7 ಶೇಕಡಾವರೆಗೆ ಇಳಿಯೋದು ಸಾಮಾನ್ಯ, ಹತ್ತಕ್ಕೆ ಹೋದ್ರೆ ಡಾಕ್ಟರು ನೋಡಬೇಕು. ಹೊಲಿಗೆ ನೋವು, ನಿದ್ದೆ ಇಲ್ಲ, ನೋಡೋಕೆ ಬಂದ ನೆಂಟರು ಮಂಚದ ಸುತ್ತ. ಇಷ್ಟೆಲ್ಲ ಒಟ್ಟಿಗೆ ಬಂದು ಬೀಳೋ ರಾತ್ರಿಯಲ್ಲೇ "ಹಾಲೇ ಇಲ್ವಲ್ಲೇ ಮಗಾ ನಿಂಗೆ" ಅನ್ನೋ ಮಾತು ಬರೋದು. ನಮ್ಮಜ್ಜಿ ಹೇಳಿದ್ದು ಅದನ್ನೇ, ಕೆಟ್ಟ ಮನಸ್ಸಿಂದ ಅಲ್ಲ, ಮರುದಿನ ಅವರೇ ಬೆಳ್ಳುಳ್ಳಿ ಸುಟ್ಟು ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಕಳಿಸಿದ್ರು.

ಹಾಲು ಅನ್ನೋದು ಸೇದೋ ಬಾವಿ ಥರ, ಸೇದಿದಷ್ಟೂ ಊರತ್ತೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಏರಿ ಹಾಲು ತಯಾರಾಗತ್ತೆ, ಆಕ್ಸಿಟೋಸಿನ್ ಬಂದು ಅದನ್ನ ಹೊರಗೆ ತಳ್ಳತ್ತೆ. ಡಬ್ಬಿ ಹಾಲು ಹೊಟ್ಟೆ ತುಂಬ ಕುಡಿದ ಮಗು ಮೂರ್ನಾಲ್ಕು ಗಂಟೆ ಮಲಗಿದ್ರೆ ಆ ಹೊತ್ತು ಬಾವಿಗೆ ಯಾರೂ ಬಿಂದಿಗೆ ಇಳಿಸಿರಲ್ಲ, ಹಾಲು ಕಮ್ಮಿ ಆಗತ್ತೆ, ಕಮ್ಮಿ ಆದದ್ದಕ್ಕೆ ಇನ್ನೊಂದು ಸಲ ಡಬ್ಬಿ. ಇದರ ಜೊತೆ ಭಯ, ನೋವು, ಟೆನ್ಷನ್ ಇದ್ರೆ ಆಕ್ಸಿಟೋಸಿನ್ ಬಿಡುಗಡೆ ಆಗೋದು ತಡ, ಒಳಗೆ ಹಾಲು ಇದ್ರೂ ಇಳಿಯಲ್ಲ. ಸುತ್ತ ನಾಲ್ಕು ಜನ ನಿಂತು "ಬಂತಾ? ಬಂತಾ?" ಅಂತ ಬಗ್ಗಿ ನೋಡ್ತಿದ್ರೆ ಯಾರಿಗೆ ತಾನೇ ಇಳಿಯತ್ತೆ ಹೇಳಿ. ಹಿಂಗಾಗಿ ಮನಸ್ಸಿಂದ ಹಾಲಿಗೆ, ಹಾಲಿಂದ ಮನಸ್ಸಿಗೆ ಎರಡೂ ಕಡೆ ದಾರಿ ಇದೆ.

ಇಷ್ಟಾದ್ರೂ ಆ ನಾಲ್ಕು ಗುಂಪಿನ ಫಲಿತಾಂಶವನ್ನ ಬರೀ ಹಾರ್ಮೋನಿಂದ ವಿವರಿಸೋಕೆ ಆಗಲ್ಲ ಅಂತ ನನ್ನ ಅಭಿಪ್ರಾಯ. ಹಾರ್ಮೋನೇ ಎಲ್ಲ ಆಗಿದ್ರೆ ಹಾಲು ಕೊಡದ ಎರಡೂ ಗುಂಪಿನವರು ಒಂದೇ ಥರ ಇರಬೇಕಿತ್ತು. ಇಲ್ಲಿರೋದು ಕಳ್ಕೊಂಡ ದುಃಖ. ಏನು ಕಳ್ಕೊಂಡೆ ಅಂತ ಹೇಳೋಕೂ ಆಗದ ದುಃಖ, ಯಾಕಂದ್ರೆ ಮಗು ಗುಂಡುಗುಂಡಾಗಿ ಕೈಯಲ್ಲೇ ಇದೆ. "ಮಗು ಚೆನ್ನಾಗಿದೆಯಲ್ಲ, ಇನ್ನೇನು ನಿಂಗೆ" ಅಂತ ಒಬ್ಬರಾದ ಮೇಲೆ ಒಬ್ಬರು ಅಂತಾರೆ, ಅವಳೂ ಹೌದಲ್ವಾ ಅಂದ್ಕೋತಾಳೆ, ಅಂದ್ಕೊಂಡು ಇನ್ನೂ ಬೈಕೋತಾಳೆ.

ಡಬ್ಬಿ ಬಗ್ಗೆ ಒಂದು ಮಾತು. ನಮ್ಮಲ್ಲಿ 1992ರ ಕಾನೂನು ಇದೆ, ಮಕ್ಕಳ ಡಬ್ಬಿ ಹಾಲಿಗೆ, ಬಾಟಲಿಗೆ ಜಾಹೀರಾತು ಮಾಡೋ ಹಾಗಿಲ್ಲ, ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕೋ ಹಾಗಿಲ್ಲ, 2003ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು. ಕಂಪನಿಗಳು ಪೌಡರ್ ಮಾರೋಕೆ ಎಲ್ಲಿಗೆ ಬೇಕಾದ್ರೂ ನುಗ್ತಿದ್ದ ಕಾಲ ನೋಡಿದ್ರೆ ಬೇಕಿದ್ದ ಕಾನೂನೇ, ನಂಗೆ ಅದರಲ್ಲಿ ಎರಡನೇ ಮಾತಿಲ್ಲ. ಆ ಕಾನೂನಿನ ಪ್ರಕಾರವೇ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ತಾಯಿ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಅಂತ ಬರೆದಿರಬೇಕು. ಕೊಡಬೇಕು ಅಂತ ಆಸೆಪಟ್ಟು ಆಗದೇ ಇದ್ದ ಹುಡುಗಿ ದಿನಕ್ಕೆ ಎಂಟು ಸಲ ಆ ಡಬ್ಬಿ ಮುಚ್ಚಳ ತೆಗೀತಾಳೆ. ಎಂಟು ಸಲ ಓದ್ತಾಳೆ. ನಮ್ಮ ಹುಡುಗಿ ಕೊನೆಗೆ ಪುಡಿನ ಒಂದು ಸ್ಟೀಲ್ ಡಬ್ಬಕ್ಕೆ ಸುರಿದು ಇಟ್ಕೊಂಡಿದ್ಲು, ಚಿಕ್ಕಮ್ಮ ಇದ್ಯಾಕೆ ಅಂತ ಬೈತಿದ್ರು, ಯಾಕೆ ಅಂತ ನಂಗೆ ತಡವಾಗಿ ಹೊಳೀತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಬ್ರಿಸ್ಟಲಲ್ಲಿ ಕೇಳಿದ ಆ ಮೊದಲ ಪ್ರಶ್ನೆಯನ್ನ ಇಲ್ಲಿ ಯಾರೂ ಕೇಳೋದೇ ಇಲ್ಲ. ತಾಯಿ ಅಂದ್ಮೇಲೆ ಹಾಲು ಕೊಡ್ತಾಳೆ, ಅದರಲ್ಲಿ ಕೇಳೋದೇನು? ಹಂಗಾಗಿ ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕೊಡಬೇಕು ಅಂತ ಇರೋರೇ, ಅಂದ್ರೆ ಆಗದೇ ಹೋದವರೆಲ್ಲ ನೇರವಾಗಿ ಆ ಎರಡನೇ ಗುಂಪಿಗೇ ಬಂದು ಬೀಳ್ತಾರೆ ಅಂತ ನನ್ನ ಅನುಮಾನ. ಆಗ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡೀತಿದ್ದವು 63.7 ಶೇಕಡಾ, ಹುಟ್ಟಿದ ಒಂದು ಗಂಟೆ ಒಳಗೆ ಎದೆಹಾಲು ಸಿಕ್ಕಿದ್ದು 41.8 ಶೇಕಡಾಕ್ಕೆ. ಉಳಿದವರೆಲ್ಲ ಬೇಡ ಅಂತ ಬಿಟ್ಟವರಾ? ಅವರಲ್ಲಿ ಎಷ್ಟು ಜನ ಕೊಡಬೇಕು ಅಂತಲೇ ಇದ್ದು ಸಿಸೇರಿಯನ್ ಬೆಡ್ ಮೇಲೆ ಕೈಗೆ ಡ್ರಿಪ್ ಹಾಕಿಸ್ಕೊಂಡು ಮಲಗಿದ್ರೋ. 2017ರಲ್ಲಿ ಭಾರತದ 38 ಅಧ್ಯಯನಗಳನ್ನ ಸೇರಿಸಿ ಲೆಕ್ಕ ಹಾಕಿದಾಗ ಹೆರಿಗೆ ಆದ್ಮೇಲೆ ಡಿಪ್ರೆಶನ್ ಇರೋರ ಪ್ರಮಾಣ 22 ಶೇಕಡಾ ಬಂದಿತ್ತು, ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಇದಕ್ಕೆ ಕಾರಣ ಹಾಲೊಂದೇ ಅಲ್ಲ, ದುಡ್ಡಿನ ಕಷ್ಟ, ಗಂಡನ ಹೊಡೆತ ಬಡಿತ, ಹೆಣ್ಣು ಮಗು ಆಯ್ತು ಅನ್ನೋ ಮುಖ, ಎಲ್ಲ ಇದೆ.

ಇದಕ್ಕೆ ಉಲ್ಟಾ ಇರೋರೂ ಇದಾರೆ, ಅವರ ಬಗ್ಗೆ ಮಾತಾಡೋದು ಇನ್ನೂ ಕಷ್ಟ. ಹಾಲು ಕೊಡೋಕೆ ಮನಸ್ಸೇ ಇಲ್ಲದವರು, ತೊಟ್ಟು ಒಡೆದು ರಕ್ತ ಬಂದು ಸಾಕಾಗಿ ಹೋದವರು, ಮಗುನ ಎದೆಗೆ ಹಾಕ್ಕೊಂಡ ಕೂಡಲೇ ಹಾಲು ಇಳಿಯೋ ಆ ಒಂದೆರಡು ನಿಮಿಷ ಮಾತ್ರ ಎದೆಯೊಳಗೆ ಏನೋ ಕುಸಿದ ಹಾಗೆ ಆಗೋರು. ಈ ಕೊನೇದು ನಿಜವಾಗಿ ಇದೆ, ಕೆಲವರಿಗೆ ಹಾಲು ಇಳಿಯೋ ಹೊತ್ತಲ್ಲಷ್ಟೇ ಆಗಿ ಹೋಗತ್ತೆ, ಅದು ಡಿಪ್ರೆಶನ್ ಅಲ್ಲ, ಮಗು ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ.

ಹಾಲು ಸಾಲ್ತಿಲ್ಲ ಅನ್ನೋದು ಎಷ್ಟೋ ಸಲ ನಿಜಾನೇ ಆಗಿರಲ್ಲ, ಮಗು ಅತ್ರೆ ಹಸಿವು ಅಂತಲೇ ಎಲ್ಲರ ಲೆಕ್ಕ. ಅಳು ನೋಡ್ಬೇಡಿ, ಬಟ್ಟೆ ನೋಡಿ. ಐದನೇ ದಿನದ ಮೇಲೆ ದಿನಕ್ಕೆ ಆರು ಸಲವಾದ್ರೂ ಉಚ್ಚೆ ಹೊಯ್ತಿದೆ, ಹತ್ತು ಹದಿನಾಲ್ಕು ದಿನಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬಂದಿದೆ ಅಂದ್ರೆ ಹಾಲು ಸಾಕಾಗ್ತಿದೆ. ನೋವಿದ್ರೆ ಮಗು ಬಾಯಿಗೆ ಬರೀ ತೊಟ್ಟು ಸಿಕ್ಕಿದೆಯಾ, ಸುತ್ತಲಿನ ಕಪ್ಪು ಭಾಗವೂ ಹೋಗಿದೆಯಾ ಅಂತ ಯಾರಾದ್ರೂ ಗೊತ್ತಿರೋರು ಪಕ್ಕ ಕೂತು ನೋಡಬೇಕು, ಫೋನಲ್ಲಿ ವಿಡಿಯೋ ಕಳಿಸಿದ್ರೆ ಆಗೋ ಕೆಲಸ ಅಲ್ಲ. ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಬರಬೇಕು ಅಂತ ನಿಯಮ ಇದೆ, ಮಗು ತೂಕ ಹಾಕೋದು, ಹಾಲು ಕುಡಿಸೋದು ನೋಡೋದು ಅವರ ಕೆಲಸದಲ್ಲೇ ಇದೆ. ಬಂದಾಗ ತೂಕ ಬರ್ಕೊಂಡು ಹೋಗೋಕೆ ಬಿಡ್ಬೇಡಿ, ಕೂರಿಸಿ ಕೇಳಿ.

ಎಲ್ಲ ಮಾಡಿಯೂ ಆಗದೇ ಇರೋದೂ ಇದೆ. ಎದೆಯ ಆಪರೇಷನ್ ಆದವರು, ಹೆರಿಗೆಯಲ್ಲಿ ರಕ್ತ ತುಂಬಾ ಹೋದವರು, ಕೆಲವು ಹಾರ್ಮೋನ್ ತೊಂದರೆ ಇರೋರು. ಅಂಥವರಿಗೆ ಇನ್ನೂ ಪ್ರಯತ್ನ ಮಾಡು ಅನ್ನೋದು ಹಿಂಸೆ. ಇನ್ನು ಪೂರ್ತಿ ಎದೆಹಾಲು ಇಲ್ಲಾ ಪೂರ್ತಿ ಡಬ್ಬಿ ಅಂತ ಯಾರು ಹೇಳಿದ್ದು, ಅರ್ಧರ್ಧ ನಡೆಯತ್ತೆ, ಕುದಿಸಿ ಆರಿಸಿದ ನೀರು, ಸರಿಯಾದ ಅಳತೆ, ತೊಳೆದ ಪಾತ್ರೆ, ಇಷ್ಟಿದ್ರೆ ಡಬ್ಬಿ ಹಾಲು ವಿಷ ಅಲ್ಲ. ಬ್ರಿಸ್ಟಲ್ ಅಧ್ಯಯನ ಮಾಡಿದವರು ಕೊನೆಗೆ ಹೇಳಿದ್ದೂ ಎರಡು ಮಾತು: ಕೊಡಬೇಕು ಅನ್ನೋರಿಗೆ ಗೊತ್ತಿರೋರಿಂದ ಸಹಾಯ ಸಿಗಬೇಕು, ಕೊಡೋಕೆ ಆಗದೇ ಹೋದವರನ್ನ ಕರುಣೆಯಿಂದ ನೋಡ್ಕೋಬೇಕು. ಪ್ರತಿ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಮಾಡ್ತೀವಲ್ಲ, ಅದರ ಪೋಸ್ಟರಲ್ಲಿ ಎರಡನೇ ಮಾತು ನಾನಂತೂ ನೋಡಿಲ್ಲ.

ಡಿಪ್ರೆಶನ್ ಅಂತ ಯಾವಾಗ ಅನುಮಾನ ಪಡಬೇಕು? ಅಳು, ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಎರಡು ವಾರ ದಾಟಿದ್ರೆ. ಮಗು ಮಲಗಿದ್ರೂ ತಾನು ಮಲಗೋಕೆ ಆಗದೇ ಇದ್ರೆ. ಇನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಅಂತಿದ್ರಲ್ಲ, ಇಲ್ಲದ್ದು ಕೇಳಿಸೋದು ಕಾಣಿಸೋದು, ನಿದ್ದೆನೇ ಬೇಡ ಅನ್ನೋ ಹಾಗೆ ಓಡಾಡೋದು, ಮಗು ಬಗ್ಗೆ ವಿಚಿತ್ರ ಮಾತು, ಅದು ಸಾವಿರಕ್ಕೆ ಒಬ್ಬಿಬ್ಬರಿಗೆ ಬರೋದು, ಬಂದ್ರೆ ತಡ ಮಾಡದೇ ಆಸ್ಪತ್ರೆ, ದೃಷ್ಟಿ ತೆಗೆದು ತಾಯಿತ ಕಟ್ಟಿ ಕಾಯೋ ಹೊತ್ತಲ್ಲ. ಬೆಂಗಳೂರಿನ ನಿಮ್ಹಾನ್ಸಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಅಡ್ಮಿಟ್ ಮಾಡ್ಕೊಳೋ ವಾರ್ಡ್ ಇದೆ, ದೇಶದಲ್ಲಿ ಅಂಥದ್ದು ಅದೇ ಮೊದಲು.

ಡಿಪ್ರೆಶನ್‌ಗೆ ಮಾತ್ರೆ ಶುರು ಮಾಡಿದ್ರೆ ಹಾಲು ಬಿಡಿಸಬೇಕು ಅನ್ನೋ ಭಯಕ್ಕೇ ಎಷ್ಟೋ ಜನ ಡಾಕ್ಟರ್ ಹತ್ರ ಹೋಗಲ್ಲ. ಹಾಗೇನಿಲ್ಲ. ಸರ್ಟ್ರಾಲಿನ್ ಥರದ ಕೆಲವು ಮಾತ್ರೆ ಹಾಲಿಗೆ ಇಳಿಯೋದು ಬಹಳ ಕಮ್ಮಿ, ಹಾಲು ಕುಡಿಸ್ತಾ ಇದೀನಿ, ಕುಡಿಸಬೇಕು ಅಂತಲೂ ಇದೀನಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿದ್ರೆ ಅದಕ್ಕೆ ತಕ್ಕ ಹಾಗೆ ಕೊಡ್ತಾರೆ, ನೀವಾಗೇ ಶುರು ಮಾಡೋದೂ ಬೇಡ ನಿಲ್ಲಿಸೋದೂ ಬೇಡ. ಇಲ್ಲಾ ರಾತ್ರಿ ಒಂದು ಹೊತ್ತು ಗಂಡ ಡಬ್ಬಿ ಹಾಲು ಕೊಟ್ಟು ನೀನು ಐದು ಗಂಟೆ ಮಲಗು ಅಂತಲೂ ಡಾಕ್ಟರು ಹೇಳಬಹುದು, ಅದೂ ಚಿಕಿತ್ಸೆನೇ. ಮೊದಲು ಯಾರ ಹತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

ನಮ್ಮ ಹುಡುಗಿಗೆ ಅದೇ ನಂಬರ್‌ಗೆ ಫೋನ್ ಹಚ್ಚಿ ಕೊಟ್ಟಿದ್ದು ಅವಳ ಗಂಡ, ರಾತ್ರಿ ಒಂದೂವರೆಗೆ, ಮಗುನ ಹೆಗಲ ಮೇಲೆ ಹಾಕ್ಕೊಂಡು ಹಜಾರದಲ್ಲಿ ಓಡಾಡ್ತಾ. ಅವಳು ಮಾತಾಡಿದ್ದು ನಲವತ್ತು ನಿಮಿಷ, ಆಪಲ್ಲಿ ಆ ಹೊತ್ತಿನ ಜಾಗ ಖಾಲಿ ಇದೆ.